ಆಲೆಮನೆಯವರು 'ಸಾಲ ಇಲ್ಲ' ಅಂದಾಗ

ಮಂಡ್ಯದ ಆಲೆಮನೆಗಳು ದುಡ್ಡು ಎಲ್ಲಿಂದ ಹೊಂದಿಸುತ್ತವೆ ಅನ್ನೋದು ನನ್ನ ಪಿಎಚ್‌.ಡಿ. ವಿಷಯ. ಮೈಸೂರಿನಲ್ಲಿ ಎಂಬಿಎ ಮಕ್ಕಳಿಗೆ ಫೈನಾನ್ಸ್ ಪಾಠ ಮಾಡುತ್ತಲೇ ಇದನ್ನು ಶುರು ಮಾಡಿದೆ. ಭಾನುವಾರ ಬೆಳಿಗ್ಗೆ ರೈಲು ಹತ್ತಿ ಮಂಡ್ಯ, ಅಲ್ಲಿಂದ ಬಸ್ಸು, ಆಮೇಲೆ ನಡಿಗೆ.

ಮೊದಲ ಪ್ರಶ್ನಾವಳಿಯನ್ನು ಮೇಜಿನ ಮುಂದೆ ಕೂತೇ ಬರೆದಿದ್ದೆ. 'ಪೆಕಿಂಗ್ ಆರ್ಡರ್' ಅಂತ ಒಂದು ಸಿದ್ಧಾಂತ ಇದೆ. ಮಯರ್ಸ್ ಮತ್ತು ಮಜ್ಲುಫ್ ಅನ್ನೋ ಫೈನಾನ್ಸ್ ವಿದ್ವಾಂಸರು 1984ರಲ್ಲಿ ಮುಂದಿಟ್ಟದ್ದು. ಕಂಪನಿ ಮೊದಲು ತನ್ನದೇ ದುಡ್ಡು ಹಾಕುತ್ತದೆ, ಸಾಕಾಗದಿದ್ದರೆ ಸಾಲ ಮಾಡುತ್ತದೆ, ಹೊರಗಿನವರಿಗೆ ಪಾಲು ಕೊಡುವುದು ಕೊನೆಗೆ. ಹಾಗಾಗಿ ನೇರವಾಗಿ ಕೇಳಿದೆ: 'ವ್ಯವಹಾರಕ್ಕೆ ಸಾಲ ಮಾಡಿದ್ದೀರಾ?' ಪೈಲಟ್‌ನ, ಅಂದರೆ ಮೊದಲ ಪ್ರಯೋಗದ ಸುತ್ತಿನ, 30 ಫಾರ್ಮ್‌ಗಳಲ್ಲಿ 26ರಲ್ಲಿ 'ಇಲ್ಲ'. ಸಾಲದ ಬಗೆಗಿನ ಮನೋಭಾವ ಅಳೆಯುವ ಐದು ಅಂಕದ ಪ್ರಶ್ನೆಗಳ ಕ್ರೊನ್‌ಬಾಕ್ ಆಲ್ಫಾ, ಅಂದರೆ ಪ್ರಶ್ನೆಗಳ ಹೊಂದಾಣಿಕೆಯ ಅಳತೆ, ಕೂಡ ಸಾಕು ಅನ್ನುವ 0.7 ದಾಟಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡೆ.

ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಒಂದು ಟನ್ ಕಬ್ಬು ಅರೆದರೆ ಬರೋದು ಹೆಚ್ಚುಕಮ್ಮಿ ಒಂದು ಕ್ವಿಂಟಾಲ್ ಬೆಲ್ಲ. ಕಬ್ಬಿಗೆ ದುಡ್ಡು, ಗಾಣದ ರಿಪೇರಿ, ಕೂಲಿ ಆಳುಗಳಿಗೆ ಮೊದಲೇ ಕೊಡಬೇಕಾದ ದುಡ್ಡು. ಬೆಲ್ಲ ಮಾರುವ ಮುಂಚೆ ಇಷ್ಟೆಲ್ಲ ಎಲ್ಲಿಂದ ಬರಬೇಕು?

ಒಂದು ಸಂಜೆ ಫಾರ್ಮ್ ಬ್ಯಾಗಿನಲ್ಲೇ ಬಿಟ್ಟು ಸುಮ್ನೆ ಕೂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿದ್ದರು. ಯಜಮಾನರು ಗೋಡೆಯ ಗೂಡಿನಿಂದ ಒಂದು ನೋಟ್‌ಬುಕ್ ತೆಗೆದರು. ಬೆಲ್ಲದ ಕೈ ತಾಗಿ ಹಾಳೆಗಳು ಅಂಟಿಕೊಂಡಿದ್ದವು. ಒಂದೊಂದನ್ನೇ ಉಗುರಿನಲ್ಲಿ ಬಿಡಿಸುತ್ತಾ ಹೋದರು. ಪ್ರತಿ ಪುಟದ ಮೇಲೂ ಒಂದೇ ಮಂಡಿಯ ಹೆಸರು.

"ಇದು ಸಾಲ ಅಲ್ವಾ ಅಣ್ಣ?" ಅಂದೆ.

"ಸಾಲ ಯಾಕವ್ವಾ ಆಯ್ತದೆ? ಮಂಡಿಯವ್ರು ಅಡ್ವಾನ್ಸ್ ಕೊಟ್ಟವ್ರೆ. ಬೆಲ್ಲ ಹಾಕ್ತೀನಿ, ಮುರ್ಕೋತಾರೆ."

ನನ್ನ ಇಡೀ ಪೈಲಟ್ ಬಿದ್ದುಹೋಗಿದ್ದು ಆ ಮಾತಿನಲ್ಲಿ. ಯಾರೂ ಸುಳ್ಳು ಹೇಳಿರಲಿಲ್ಲ. ಅವರ ಬಾಯಲ್ಲಿ ಸಾಲ ಅಂದರೆ ಬ್ಯಾಂಕಿನದು, ಸೊಸೈಟಿಯದು, ಬಡ್ಡಿಯವರದು. ಅಡ್ವಾನ್ಸ್ ಅನ್ನೋದು ವ್ಯಾಪಾರದ ನಂಟು. ಆಲ್ಫಾ ಇದನ್ನು ಹಿಡಿಯೋದಿಲ್ಲ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಮಾತ್ರ ಅದು ನೋಡುತ್ತದೆ, ಸರಿಯಾದದ್ದನ್ನು ಕೇಳಿದೆವಾ ಅಂತ ಅಲ್ಲ.

ಪ್ರಶ್ನೆ ಬದಲಾಯಿಸಿದೆ. ಸೀಸನ್ ಶುರುವಾಗುವಾಗ ಕೈಗೆ ದುಡ್ಡು ಕೊಟ್ಟವರು ಯಾರು? ಬೆಲ್ಲ ಹೋಗೋದು ಯಾವ ಮಂಡಿಗೆ? ಪಕ್ಕದ ಮಂಡಿಯಲ್ಲಿ ರೇಟು ಜಾಸ್ತಿ ಇದ್ದರೆ ಅಲ್ಲಿಗೆ ಹಾಕಬಹುದಾ? ಮೂರನೆಯದಕ್ಕೆ ಹೆಚ್ಚಿನವರು ತಕ್ಷಣ ಮಾತಾಡುತ್ತಿರಲಿಲ್ಲ. ಅಡ್ವಾನ್ಸಿಗೆ ಬಡ್ಡಿ ಬರೆದಿಲ್ಲದೇ ಇರಬಹುದು, ಆದರೆ ಬೇರೆ ಕಡೆ ಮಾರುವ ದಾರಿ ಮುಚ್ಚಿಹೋಗುತ್ತದೆ. ಅದೇ ಅದರ ಬೆಲೆ. 'ಇಲ್ಲ' ಅಂದಿದ್ದ 26 ಜನರನ್ನು ಮತ್ತೆ ಹುಡುಕಿಕೊಂಡು ಹೋದೆ. 19 ಜನ ಅಡ್ವಾನ್ಸ್ ತೆಗೆದುಕೊಂಡಿದ್ದರು.

ಇದು ನನ್ನ ಪ್ರಬಂಧಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಕೇಂದ್ರದ ಕಿರು ಆಹಾರ ಘಟಕಗಳ ಯೋಜನೆ 2020ರಲ್ಲಿ ಬಂತು. ಅದರಲ್ಲಿ ಜಿಲ್ಲೆಗೊಂದು ಉತ್ಪನ್ನ ಅಂತ ಆರಿಸಿದ್ದರು, ಮಂಡ್ಯಕ್ಕೆ ಬೆಲ್ಲವೇ. ಯೋಜನಾ ವೆಚ್ಚದ ಶೇ. 35ರಷ್ಟು, 10 ಲಕ್ಷ ರೂಪಾಯಿವರೆಗೆ ಸಹಾಯಧನ ಅಂತ ಗೊತ್ತು ಮಾಡಿದ್ದರು, ಆದರೆ ಬ್ಯಾಂಕ್ ಸಾಲದ ಜೊತೆಗೆ. ನನ್ನ ಮೊದಲ ಅಂಕಿಗಳನ್ನು ನೋಡಿದ ಯಾರಾದರೂ 'ಆಲೆಮನೆಯವರಿಗೆ ಸಾಲವೇ ಬೇಕಿಲ್ಲ' ಅಂದುಬಿಡುತ್ತಿದ್ದರು. ಆ ಯೋಚನೆಗೇ ನನಗೆ ನಿದ್ದೆ ಬರುತ್ತಿರಲಿಲ್ಲ.

ಈಗ ಅದೇ ಯಜಮಾನರು ಮಂಡಿಯ ಪಟ್ಟಿಗಳನ್ನು, ಅಂದರೆ ಮಾರಾಟದ ಲೆಕ್ಕದ ಚೀಟಿಗಳನ್ನು, ನನಗೋಸ್ಕರ ತಂತಿಗೆ ಚುಚ್ಚಿ ಇಡುತ್ತಿದ್ದಾರೆ. ಮುಂದಿನ ಭಾನುವಾರ ಅವನ್ನು ತಾರೀಖಿನ ಪ್ರಕಾರ ಬರೆದುಕೊಳ್ಳಬೇಕು.