ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್: ಬಾವುಟದಿಂದ ಹಿಂದಕ್ಕೆ ಲೆಕ್ಕ ಹಾಕಿ ಆಡಿ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿರುವ ಓಲ್ಡ್ ಕೋರ್ಸ್ ಅನ್ನೋ ಗಾಲ್ಫ್ ಮೈದಾನಕ್ಕೆ ಆಡೋಕೆ ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತು ಎಷ್ಟು ದೂರ ಹೊಡೆಯಲಿ ಅಂತ ಕೇಳಬೇಡಿ, ಇವತ್ತು ಕುಳಿ ತೋರಿಸುವ ಬಾವುಟ ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಯಾವ ಮಗ್ಗುಲಲ್ಲಿದೆ ಅಂತ ಕೇಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಆ ಬಾವುಟಕ್ಕೆ ಯಾವ ಕಡೆಯಿಂದ ಹೊಡೆದರೆ ಸಲೀಸು? ಆ ಜಾಗಕ್ಕೆ ಟೀಯಿಂದ ಚೆಂಡು ಮುಟ್ಟಿಸುವುದು ಹೇಗೆ? ಮುಟ್ಟಿಸಲು ಹೋಗಿ ತಪ್ಪಿದರೆ ಏನಾಗುತ್ತದೆ? ಇಷ್ಟನ್ನು ತೂಗಿ ನೋಡಿದ ಮೇಲೆ ಬ್ಯಾಗಿನಿಂದ ಕ್ಲಬ್ (ಹೊಡೆಯುವ ಕೋಲು) ತೆಗೆಯಿರಿ.

ನಾನು ಗಾಲ್ಫ್ ಕಲಿತದ್ದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸ್ ಒಳಗಿನ ಮೈದಾನದಲ್ಲಿ. ಈಗ ಇರುವುದು ಸ್ಕಾಟ್ಲೆಂಡಿನ ಡಂಡೀಯಲ್ಲಿ. ಟೇ ನದಿಯ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಸೇಂಟ್ ಆಂಡ್ರೂಸ್ ಸಿಗುತ್ತದೆ. ನನ್ನ ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ಅಳೆಯುವ ಅಂಕ, ಕಡಿಮೆ ಇದ್ದಷ್ಟೂ ಒಳ್ಳೆಯ ಆಟ) 20ರ ಆಸುಪಾಸು, ಉದ್ದ ಹೊಡೆಯುವವಳಲ್ಲ. ಆದರೂ ಈ ಕೋರ್ಸ್ ಪ್ರತಿ ಹೋಲ್‌ನಲ್ಲೂ (ಟೀಯಿಂದ ಕುಳಿಯವರೆಗಿನ ಒಂದು ಹಂತ) ನನಗೊಂದು ದಾರಿ ಬಿಟ್ಟಿರುತ್ತದೆ. ಅದಕ್ಕೇ ಇದನ್ನು ಕಂಡರೆ ನನಗೆ ಇಷ್ಟು ಪ್ರೀತಿ.

1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬನ್ನು ನಾವು ತುಂಬಾ ಹಳೆಯದು ಅಂತೀವಿ. ಸೇಂಟ್ ಆಂಡ್ರೂಸಿನ ಜನ ಈ ಕಡಲಂಚಿನ ನೆಲದಲ್ಲಿ ಗಾಲ್ಫ್ ಆಡಬಹುದು ಅಂತ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಬರೆದುಕೊಟ್ಟದ್ದು 1552ರಲ್ಲಿ. ಮೊದಲು ಒಂದು ಸುತ್ತಿಗೆ 22 ಹೋಲ್ ಇದ್ದವು. 1764ರಲ್ಲಿ ಅದು 18 ಆಯಿತು. ಈ ಕೋರ್ಸನ್ನು ಯಾರೋ ಒಬ್ಬರು ಕೂತು ನಕ್ಷೆ ಬರೆದು ಕಟ್ಟಿದ್ದಲ್ಲ. ಗಾಳಿ, ಮರಳು, ಕುರಿ, ನೂರಾರು ವರ್ಷ ಆಡಿದ ಜನ, ಎಲ್ಲ ಸೇರಿ ಆದದ್ದು. ಆಮೇಲೆ ಇಲ್ಲಿನ ಮೈದಾನ ನೋಡಿಕೊಳ್ಳುತ್ತಿದ್ದ ಓಲ್ಡ್ ಟಾಮ್ ಮಾರಿಸ್ ಕೂಡ ಒಂದಷ್ಟು ತಿದ್ದಿದರು. ಅಲಿಸ್ಟರ್ ಮೆಕೆಂಜಿ ಅಳತೆ ಮಾಡಿ ಇದರ ನಕ್ಷೆ ಪ್ರಕಟಿಸಿದ್ದು 1924ರಲ್ಲಿ. ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಅಮೆರಿಕದ ಅಗಸ್ಟಾ ನ್ಯಾಷನಲ್ ಕೋರ್ಸ್ ವಿನ್ಯಾಸ ಮಾಡಿದವರು ಇವರೇ. ಆಟಗಾರನ ಮುಂದೆ ಎರಡು ಮೂರು ದಾರಿ ಇಟ್ಟು ಆಯ್ಕೆ ಅವನಿಗೇ ಬಿಡುವ ಕೋರ್ಸ್‌ಗಳಿಗೆಲ್ಲ ಓಲ್ಡ್ ಕೋರ್ಸೇ ಮೂಲ.

ಆಡೋದಕ್ಕೆ ಮುಂಚೆ ಒಂದಿಷ್ಟು ತಯಾರಿ ಬೇಕು. ಇದು ಸಾರ್ವಜನಿಕ ಕೋರ್ಸ್, ಯಾರು ಬೇಕಾದರೂ ಆಡಬಹುದು. ಆದರೆ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಕೈಯಲ್ಲಿರಲಿ. ಮುಂಗಡ ಬುಕಿಂಗ್ ಸಿಗದಿದ್ದರೆ ಎರಡು ದಿನ ಮೊದಲು ನಡೆಯುವ ಡ್ರಾಗೆ ಹೆಸರು ಕೊಡಿ. ಒಂದೇ ದಿನ ನಂಬಿಕೊಂಡು ಬರಬೇಡಿ, ಮೂರ್ನಾಲ್ಕು ದಿನ ಊರಲ್ಲಿ ಉಳಿಯುವ ಹಾಗೆ ಬನ್ನಿ. ಅದರಲ್ಲಿ ಒಂದು ಭಾನುವಾರವೂ ಸೇರಿರಲಿ. ದೊಡ್ಡ ಪಂದ್ಯಗಳನ್ನು ಬಿಟ್ಟರೆ ಭಾನುವಾರ ಇಲ್ಲಿ ಆಟ ಇರುವುದಿಲ್ಲ. ಊರಿನವರು ನಾಯಿ ಹಿಡಿದುಕೊಂಡು ಫೇರ್‌ವೇ (ಟೀಗೂ ಗ್ರೀನಿಗೂ ನಡುವಿನ ಹುಲ್ಲುಹಾದಿ) ಮೇಲೆ ವಾಕಿಂಗ್ ಹೋಗುತ್ತಾರೆ. ನೀವೂ ಹೋಗಿ. 18ನೇ ಗ್ರೀನಿನಿಂದ ಶುರುಮಾಡಿ ಉಲ್ಟಾ ನಡೆಯಿರಿ. ಟೀಯಿಂದ ಕಾಣದ ಬಂಕರ್‌ಗಳು (ಮರಳಿನ ಗುಂಡಿಗಳು) ಗ್ರೀನ್ ಕಡೆಯಿಂದ ಬಂದಾಗ ಒಂದೊಂದಾಗಿ ಕಾಣುತ್ತವೆ. ಒಟ್ಟು ನೂರಕ್ಕೂ ಹೆಚ್ಚು ಇವೆ. ಎಲ್ಲ ನೆನಪಿಡೋದು ಬೇಡ. ಹಿಂದಿರುಗಿ ಬರುವ ಹಾದಿಯಲ್ಲಿರುವ ದೊಡ್ಡವು ತಲೆಯಲ್ಲಿದ್ದರೆ ಸಾಕು.

ಪಕ್ಕದಲ್ಲೇ ಹಿಮಾಲಯಾಸ್ ಅನ್ನೋ ಪಟ್ಟಿಂಗ್ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದು) ಮೈದಾನ ಇದೆ. 1867ರಲ್ಲಿ ಶುರುವಾದ ಹೆಂಗಸರ ಪಟ್ಟಿಂಗ್ ಕ್ಲಬ್ಬಿನದ್ದು. ಸ್ವಲ್ಪ ದುಡ್ಡು ಕೊಟ್ಟರೆ ಯಾರಾದರೂ ಆಡಬಹುದು. ಡ್ರೈವಿಂಗ್ ರೇಂಜಿನಲ್ಲಿ (ದೂರ ಹೊಡೆಯುವ ಅಭ್ಯಾಸದ ಜಾಗ) ಕಳೆಯುವ ಒಂದು ಗಂಟೆಯನ್ನು ಇಲ್ಲಿ ಕಳೆಯಿರಿ. ಏಕೆ ಅಂದರೆ ಓಲ್ಡ್ ಕೋರ್ಸಿನ ಏಳು ಗ್ರೀನ್‌ಗಳು ಜೋಡಿ ಗ್ರೀನ್‌ಗಳು, ಒಂದೊಂದರಲ್ಲೂ ಎರಡು ಹೋಲ್. 2ರ ಜೊತೆ 16, 3ರ ಜೊತೆ 15, 8ರ ಜೊತೆ 10. ಯಾವ ಜೋಡಿ ಕೂಡಿಸಿದರೂ 18 ಬರುತ್ತದೆ. ಒಂದೊಂದು ಗ್ರೀನ್ ಎಷ್ಟು ದೊಡ್ಡದೆಂದರೆ, ಚೆಂಡು ಗ್ರೀನ್ ಮೇಲೆ ಬಂತು ಅಂತ ಖುಷಿಪಟ್ಟರೆ ಹೋಲ್ ಇನ್ನೂ 30 ಗಜ ಆಚೆ ಇರುತ್ತದೆ. ಅಷ್ಟು ಉದ್ದದ ಪಟ್ ಹೊಡೆಯುವ ಅಂದಾಜು ಕೈಗೆ ಮೊದಲೇ ಬಂದಿರಬೇಕು. ಊರಿನಿಂದ ಆಚೆ ಹೋಗುವ ಹಾದಿಗೆ ಬಿಳಿ ಬಾವುಟ, ಊರಿಗೆ ಮರಳಿ ಬರುವ ಹಾದಿಗೆ ಸಾಮಾನ್ಯವಾಗಿ ಕೆಂಪು. ಗುರಿ ಇಡುವ ಮುಂಚೆ ಬಣ್ಣ ನೋಡಿಕೊಳ್ಳಿ.

ಈಗ ನೆಲದ ವಿಷಯ. ನಮ್ಮ ಕಡೆಯ ಮೈದಾನಗಳಲ್ಲಿ ವೆಡ್ಜ್ ಅನ್ನೋ ಕ್ಲಬ್ಬಿನಿಂದ ಎತ್ತರಕ್ಕೆ ಹೊಡೆದರೆ ಚೆಂಡು ಬಿದ್ದಲ್ಲೇ ನಿಲ್ಲುವುದು ರೂಢಿ. ಇಲ್ಲಿ ಅದು ನಡೆಯಲ್ಲ. ಹುಲ್ಲಿನ ಕೆಳಗೆ ಮರಳು, ನೆಲ ಗಟ್ಟಿ, ಮೇಲೆ ಕಡಲ ಗಾಳಿ. ಎತ್ತರಕ್ಕೆ ಹೋದ ಚೆಂಡು ಗಾಳಿಯ ಪಾಲು. ಗ್ರೀನಿಗೆ 20–30 ಗಜ ಮುಂಚೆ ಬೀಳಿಸಿ ಉರುಳಲು ಬಿಡಿ. ಗ್ರೀನಿನ ಹೊರಗಿದ್ದರೂ ಪಟರ್ (ಚೆಂಡು ಉರುಳಿಸುವ ಕ್ಲಬ್) ತೆಗೆಯಲು ಹಿಂಜರಿಯಬೇಡಿ. ಇಲ್ಲಿನ ಕ್ಯಾಡಿಗಳು (ಬ್ಯಾಗ್ ಹೊತ್ತು ಸಲಹೆ ಕೊಡುವವರು) ನಿಮ್ಮ ಕೈಗೆ ಮೊದಲು ಕೊಡುವುದೂ ಅದನ್ನೇ. ಕ್ಯಾಡಿಯನ್ನು ಖಂಡಿತ ತೆಗೆದುಕೊಳ್ಳಿ. ಇಡೀ ಪ್ರವಾಸದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಇಲ್ಲ.

ಇಡೀ ಕೋರ್ಸಿನ ಗುಟ್ಟು ಎಡ ಬಲದಲ್ಲಿದೆ. ಊರಿನಿಂದ ಹೊರಟು, ತುದಿಯಲ್ಲಿ ಒಂದು ಸುತ್ತು ಹಾಕಿ, ಮತ್ತೆ ಊರಿಗೇ ಬರುತ್ತೀರಿ. ಹೋಗುವಾಗಲೂ ಬರುವಾಗಲೂ ಅಪಾಯ ಇರುವುದು ಬಲಗಡೆ. ಹೋಗುವಾಗ ಗಾರ್ಸ್ ಅನ್ನೋ ಮುಳ್ಳುಪೊದೆ, ಬರುವಾಗ ಗೋಡೆ, ಬೇಲಿ, ಹೋಟೆಲು. ಎಡಗಡೆ ಪಕ್ಕದ ಹೋಲ್‌ನ ಫೇರ್‌ವೇ, ಬೇಕಾದಷ್ಟು ಜಾಗ. ಹಾಗಾಗಿ ಅನುಮಾನ ಬಂದರೆ ಎಡಕ್ಕೆ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಮಾತು ನಿಜ, ಆದರೆ ಅರ್ಧ ಮಾತ್ರ. ಎಡಕ್ಕೆ ಹೋದವರಿಗೆ ಎರಡನೇ ಹೊಡೆತ ಕಷ್ಟವಾಗುತ್ತದೆ. ಎಷ್ಟೋ ಹೋಲ್‌ಗಳಲ್ಲಿ ಅಲ್ಲಿಂದ ಬಾವುಟದ ದಾರಿಗೆ ಸರಿಯಾಗಿ ಒಂದು ಬಂಕರ್ ಅಥವಾ ದಿಬ್ಬ ಅಡ್ಡ ಬರುತ್ತದೆ. ಬಲದ ಅಪಾಯಕ್ಕೆ ಹತ್ತಿರ ಹೋದವರಿಗೆ ಗ್ರೀನ್ ಬಾಗಿಲು ತೆರೆದ ಹಾಗೆ ಕಾಣುತ್ತದೆ.

ಇದನ್ನು 16ನೇ ಹೋಲ್‌ನಲ್ಲಿ ಕಣ್ಣಾರೆ ನೋಡಬಹುದು. ಫೇರ್‌ವೇ ನಡುವೆ ಪ್ರಿನ್ಸಿಪಲ್ಸ್ ನೋಸ್ ಅನ್ನೋ ಮೂರು ಬಂಕರ್‌ಗಳ ಗುಂಪು. ಬಲಕ್ಕೆ ಹಳೆಯ ರೈಲು ಹಾದಿಯ ಬೇಲಿ, ಅದರಾಚೆ ಹೋದರೆ ಔಟ್ ಆಫ್ ಬೌಂಡ್ಸ್, ಅಂದರೆ ಮೈದಾನದ ಗಡಿಯಾಚೆ. ಬಂಕರ್‌ಗೂ ಬೇಲಿಗೂ ನಡುವಿನ ಪಟ್ಟಿಯಲ್ಲಿ ಚೆಂಡು ಇಟ್ಟರೆ ಗ್ರೀನ್ ಪೂರ್ತಿ ಎದುರಿಗೆ. ಎಡಕ್ಕೆ ಹೋದರೆ ಭಯವಿಲ್ಲ, ಆದರೆ ಗ್ರೀನಿನ ಎಡ ಮುಂಭಾಗದಲ್ಲಿ ವಿಗ್ ಅನ್ನೋ ಬಂಕರ್ ಕಾದಿರುತ್ತದೆ. ನನ್ನ ಭಾವ ಬೆಂಗಳೂರಿನಿಂದ ಬಂದಿದ್ದಾಗ ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್) ಹಿಡಿದು ಬೇಲಿ ಕಡೆಯೇ ನೋಡುತ್ತಿದ್ದರು. ಕ್ಯಾಡಿ ಏನೂ ಹೇಳದೆ ಬಾವುಟದ ಕಡೆ ಕೈ ತೋರಿಸಿದ. ಬಾವುಟ ಗ್ರೀನಿನ ಬಲ ಮೂಲೆಯಲ್ಲಿತ್ತು. ವಿಗ್ ಅಡ್ಡ ಬರುವ ಪ್ರಶ್ನೆಯೇ ಇರಲಿಲ್ಲ. ಭಾವ ಡ್ರೈವರ್ ಒಳಗಿಟ್ಟು ಐರನ್ ಅನ್ನೋ ಚಿಕ್ಕ ಕ್ಲಬ್ಬಿನಿಂದ ಎಡಕ್ಕೆ ಹೊಡೆದು, ಎರಡನೇದನ್ನು ಆರಾಮಾಗಿ ಗ್ರೀನ್ ಮೇಲೆ ಉರುಳಿಸಿದರು. ಬಾವುಟ ಎಡಕ್ಕಿದ್ದಿದ್ದರೆ ಲೆಕ್ಕವೇ ಬೇರೆ. ಅದೇ ಹೋಲ್, ಅದೇ ಆಟಗಾರ, ಇವತ್ತಿನ ಸರಿ ದಾರಿ ನಾಳೆಗೆ ಸರಿಯಲ್ಲ.

ಮೊದಲ ಹೋಲ್ ಬಗ್ಗೆ ಹೆದರುವವರು ಜಾಸ್ತಿ. ಸುಮ್ನೆ ಹೆದರುತ್ತಾರೆ. ಫೇರ್‌ವೇಯನ್ನು 18ನೇದರ ಜೊತೆ ಹಂಚಿಕೊಂಡಿರುವುದರಿಂದ ಎದುರಿಗೆ ದೊಡ್ಡ ಬಯಲು, ಒಂದು ಬಂಕರ್ ಕೂಡ ಇಲ್ಲ. ಇರುವುದು ಗ್ರೀನಿನ ಮುಂದೆ ಹರಿಯುವ ಸ್ವಿಲ್ಕನ್ ಹಳ್ಳ ಒಂದೇ. ಎರಡನೇ ಹೊಡೆತಕ್ಕೆ ಒಂದು ಕ್ಲಬ್ ದೊಡ್ಡದು, ಅಂದರೆ ಇನ್ನಷ್ಟು ದೂರ ಹೊಡೆಯುವಂಥದ್ದು, ತೆಗೆದುಕೊಳ್ಳಿ. ಗ್ರೀನ್ ದಾಟಿ ಹೋದರೂ ಪರವಾಗಿಲ್ಲ, ಹಳ್ಳಕ್ಕೆ ಬೀಳಬಾರದು.

2ರಿಂದ 6ರವರೆಗೆ ಸ್ವಲ್ಪ ಎಡಕ್ಕೆ ಇಟ್ಟು, ಬೋಗಿ (ನಿಗದಿಗಿಂತ ಒಂದು ಹೊಡೆತ ಹೆಚ್ಚು) ಬಂದರೆ ಬೇಜಾರಿಲ್ಲ ಅಂದುಕೊಂಡು ಹೋಗಿ. 7ರಿಂದ 11ರವರೆಗಿನ ತುದಿಯ ಸುತ್ತಿನಲ್ಲಿ ದಿಕ್ಕು ಬದಲಾದಂತೆ ಗಾಳಿಯೂ ಬೇರೆ ಬೇರೆ ಕಡೆಯಿಂದ ಬರುತ್ತದೆ. 7 ಮತ್ತು 11 ಒಂದನ್ನೊಂದು ದಾಟುತ್ತವೆ, ಹೊಡೆಯುವ ಮುಂಚೆ ಆ ಕಡೆ ಈ ಕಡೆ ನೋಡಿ. 8, 9, 10 ಚಿಕ್ಕವು. ಸ್ಕೋರ್ ಉಳಿಸಿಕೊಳ್ಳುವುದಾದರೆ ಇಲ್ಲೇ.

11ನೇದು ಪಾರ್ 3, ಅಂದರೆ ಮೂರು ಹೊಡೆತಕ್ಕೆ ಮುಗಿಸಬೇಕಾದ ಹೋಲ್. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. ಎಡಕ್ಕೆ ಹಿಲ್ ಬಂಕರ್, ಬಲ ಮುಂಭಾಗದಲ್ಲಿ ಸ್ಟ್ರಾತ್. 1921ರ ಓಪನ್‌ನಲ್ಲಿ (ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿ) ಹತ್ತೊಂಬತ್ತು ವರ್ಷದ ಬಾಬಿ ಜೋನ್ಸ್ ಈ ಹಿಲ್ ಬಂಕರ್‌ನಲ್ಲಿ ಸಿಕ್ಕಿಕೊಂಡು, ಆ ಹೋಲ್ ಮುಗಿಸದೆಯೇ ಚೆಂಡು ಎತ್ತಿಕೊಂಡರು. ಅದೇ ಕೋರ್ಸಿನಲ್ಲಿ 1927ರಲ್ಲಿ ಓಪನ್ ಗೆದ್ದರು. 1958ರಲ್ಲಿ ಊರು ಅವರನ್ನು ತನ್ನವರನ್ನಾಗಿ ಮಾಡಿಕೊಂಡು ಗೌರವಿಸಿತು. ನೀವು ಬಾವುಟದ ಕೆಳಗೆ, ಗ್ರೀನಿನ ಮುಂದೆ ನಿಲ್ಲುವಂತೆ ಹೊಡೆಯಿರಿ. ಅಲ್ಲಿಂದ ಏರುಮುಖದ ಪಟ್. ಮೇಲೆ ನಿಂತರೆ ಕೆಳಗೆ ಬರುವ ಪಟ್ ಬಂಕರ್‌ವರೆಗೂ ಹೋಗಬಹುದು.

12ನೇ ಟೀ ಮೇಲೆ ನಿಂತರೆ ಎದುರಿಗೆ ಖಾಲಿ ಫೇರ್‌ವೇ. ನಂಬಬೇಡಿ. ಹಿಂದೆ ಈ ಕೋರ್ಸನ್ನು ಉಲ್ಟಾ ದಿಕ್ಕಿನಲ್ಲೂ ಆಡುತ್ತಿದ್ದರು. ನಡುವಿನ ಬಂಕರ್‌ಗಳು ಆ ಕಡೆಯಿಂದ ಬರುವವರಿಗೆ ಕಾಣುತ್ತವೆ, ನಿಮಗಲ್ಲ. ಭಾನುವಾರದ ನಡಿಗೆ ಉಪಯೋಗಕ್ಕೆ ಬರುವುದು ಇಲ್ಲೇ.

ಬಂಕರ್‌ಗೆ ಬಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ 14ನೇ ಹೋಲ್‌ನ ಹೆಲ್ ಬಂಕರ್ ಸಾಕು. ಮುಂಗೋಡೆ ಆಳಿಗಿಂತ ಎತ್ತರ. ದಿಗ್ಗಜ ಆಟಗಾರ ಜಾಕ್ ನಿಕ್ಲಾಸ್‌ ಅಂಥವರೇ 1995ರ ಓಪನ್‌ನಲ್ಲಿ ಇದರಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು ಆ ಹೋಲ್‌ಗೆ 10 ಬರೆಸಿದರು. ಒಂದೇ ಹೊಡೆತಕ್ಕೆ ಹೊರಗೆ ಬನ್ನಿ, ಪಕ್ಕಕ್ಕಾದರೂ ಸರಿ, ಹಿಂದಕ್ಕಾದರೂ ಸರಿ. ಬೀಳದೇ ಇರುವುದಕ್ಕೆ ದಾರಿ ಇದೆ: ಎರಡನೇ ಹೊಡೆತವನ್ನು ಎಡಕ್ಕೆ, 5ನೇ ಫೇರ್‌ವೇ ಕಡೆಗೆ ಹೊಡೆದು ಹೆಲ್ ಸುತ್ತಿಕೊಂಡು ಹೋಗುವುದು. 2000ದ ಓಪನ್‌ನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ, 72 ಹೋಲ್ ಆಡಿ ಒಂದು ಬಂಕರ್‌ಗೂ ಬೀಳದೆ ಎಂಟು ಹೊಡೆತಗಳ ಅಂತರದಲ್ಲಿ ಗೆದ್ದರು.

17ನೇದು ರೋಡ್ ಹೋಲ್. ಟೀ ಹೊಡೆತ ಹೋಟೆಲ್ ಪಕ್ಕದ ಹಸಿರು ಶೆಡ್ ಮೇಲಿಂದ ಹೋಗಬೇಕು. ಶೆಡ್ ಮೇಲೆ ಹೋಟೆಲಿನ ಹೆಸರು ಬರೆದಿದೆ, ಯಾವ ಅಕ್ಷರದ ಮೇಲಿಂದ ಹೊಡೆಯಬೇಕು ಅಂತ ಕ್ಯಾಡಿ ಹೇಳುತ್ತಾನೆ. ಧೈರ್ಯ ಬರದಿದ್ದರೆ ಎಡಕ್ಕೆ ಹೊಡೆಯಿರಿ, ಹೋಲ್ ಉದ್ದವಾಗುತ್ತದೆ ಅಷ್ಟೆ. ಆಮೇಲೆ ಪಾರ್ ಆಸೆ ಬಿಟ್ಟು ಇದನ್ನು ಪಾರ್ 5 ಅಂದುಕೊಳ್ಳಿ. ಗ್ರೀನಿನ ಎಡ ಹೊಟ್ಟೆಗೆ ಕೊರೆದ ರೋಡ್ ಬಂಕರ್, ಹಿಂದೆ ರಸ್ತೆ, ಅದರ ಹಿಂದೆ ಕಲ್ಲಿನ ಗೋಡೆ. ಚೆಂಡು ರಸ್ತೆ ಮೇಲೆ ನಿಂತರೆ ರಸ್ತೆ ಮೇಲಿಂದಲೇ ಆಡಬೇಕು. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿದ್ದರು. ಪಟ್ ಮಾಡಿದ ಚೆಂಡು ಇಳಿಜಾರು ಹಿಡಿದು ಈ ಬಂಕರ್‌ಗೆ ಹೋಯಿತು, ಕೊನೆಗೆ 9 ಆಯಿತು. 2022ರ ಓಪನ್‌ನ ಕೊನೆಯ ದಿನ ಆಸ್ಟ್ರೇಲಿಯಾದ ಕ್ಯಾಮರನ್ ಸ್ಮಿತ್ ಚೆಂಡು ಇದೇ ಬಂಕರ್‌ನ ಹಿಂದೆ ನಿಂತಿತ್ತು, ಬಾವುಟ ಬಂಕರ್‌ನ ಆಚೆ. ವೆಡ್ಜ್ ಮುಟ್ಟಲಿಲ್ಲ ಅವರು. ಪಟರ್ ಹಿಡಿದು, ಬಂಕರ್‌ನ ಅಂಚು ಸುತ್ತಿಕೊಂಡು ಹೋಗುವಂತೆ ಉರುಳಿಸಿ, ಆಮೇಲಿನ ಪಟ್ಟನ್ನು ಒಳಗೆ ಹಾಕಿ ಪಾರ್ ಉಳಿಸಿಕೊಂಡರು, ಓಪನ್ ಗೆದ್ದರು. ಆ ಹೊಡೆತಕ್ಕೆ ತೋಳಿನ ಬಲ ಬೇಡವೇ ಬೇಡ, ಅಲ್ವಾ? ನಾವು ಮಾಡಬೇಕಾದದ್ದು: ಎರಡನೇದನ್ನು ಗ್ರೀನಿನ ಬಲ ಮುಂಭಾಗಕ್ಕೆ, ಸ್ವಲ್ಪ ಮುಂಚೆಯೇ ನಿಲ್ಲುವಂತೆ ಹೊಡೆದು, ಅಲ್ಲಿಂದ ಪಟರ್.

18ರಲ್ಲಿ ಬಲಕ್ಕೆ ರಸ್ತೆ ಮತ್ತು ಅಂಗಡಿಗಳು. ಕ್ಲಬ್‌ಹೌಸ್ ಗಡಿಯಾರಕ್ಕೆ ಗುರಿ ಇಟ್ಟು ಹೊಡೆಯಿರಿ. ಗ್ರೀನಿನ ಎಡ ಮುಂಭಾಗದಲ್ಲಿ ವ್ಯಾಲಿ ಆಫ್ ಸಿನ್ ಅನ್ನೋ ತಗ್ಗು ಇದೆ. ಅಲ್ಪಸ್ವಲ್ಪ ಕಡಿಮೆಯಾದ ಚೆಂಡೆಲ್ಲ ಅಲ್ಲಿಗೇ ವಾಪಸ್ ಉರುಳುತ್ತದೆ. ಬಾವುಟ ಮುಂದಿದ್ದರೂ ಅದನ್ನು ದಾಟಿಸಿ ಹಿಂದಕ್ಕೆ ಹೊಡೆದು ಅಲ್ಲಿಂದ ಪಟ್ ಮಾಡಿ. ಒಂದು ವೇಳೆ ತಗ್ಗಿಗೇ ಬಿದ್ದರೆ ಚಿಪ್ ಮಾಡಲು (ಚೆಂಡನ್ನು ಸ್ವಲ್ಪ ಎತ್ತಿ ಹೊಡೆಯಲು) ಹೋಗಬೇಡಿ, ಅಲ್ಲೂ ಪಟರ್ ತೆಗೆಯಿರಿ. ಮತ್ತೆ, ನಿಮಗೆ ಅನಿಸಿದ್ದಕ್ಕಿಂತ ಒಂದು ಚೂರು ಜೋರಾಗಿ ಹೊಡೆಯಿರಿ.