ಶೇ. 15 ಆಗೋದಿಲ್ಲ ಅಂದಿದ್ದರು, ಆಯಿತು

ಹೊಸ ಬಾಡಿಗೆ ಕಟ್ಟಡಗಳಲ್ಲಿ ಶೇ. 15ರಷ್ಟು ಮನೆ ಕಡಿಮೆ ಆದಾಯದವರಿಗೆ ಇಡಬೇಕು ಅಂತ ನಿಯಮ ಬಿಗಿ ಮಾಡಿದರೆ ಒಬ್ಬ ಬಿಲ್ಡರೂ ಈ ಕಡೆ ತಲೆ ಹಾಕುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಬಿಲ್ಡರ್‌ಗಳು ಬಿಡಿ, ನಮ್ಮ ಹೌಸಿಂಗ್ ಆಫೀಸಿನವರದ್ದೂ ಅದೇ ಮಾತು. ಸ್ಯಾನ್ ಫ್ರಾನ್ಸಿಸ್ಕೋ 2016ರಲ್ಲಿ ಶೇ. 25ಕ್ಕೆ ಏರಿಸಿ 2017ರಲ್ಲೂ 2023ರಲ್ಲೂ ಇಳಿಸಬೇಕಾಯಿತಲ್ಲ, ಅದನ್ನೇ ತೋರಿಸುತ್ತಿದ್ದರು. ಅದರ ಸುತ್ತಲಿನ ಬೇ ಏರಿಯಾದ ನಮ್ಮ ಊರು ಅಷ್ಟು ದೊಡ್ಡದೇನಲ್ಲ. ಆದರೂ ಈಗ ಇಲ್ಲಿ ಶೇ. 15 ನಡೆಯುತ್ತಿದೆ.

ಮೊದಲು ಶೇ. 10 ಇತ್ತು, ಹೆಸರಿಗೆ ಮಾತ್ರ. ಮನೆ ಕೊಡುವ ಬದಲು ಮನೆಗೆ ಸುಮಾರು 1.2 ಲಕ್ಷ ಡಾಲರ್ ಫೀ ಕಟ್ಟಬಹುದಿತ್ತು. ಎಲ್ಲರೂ ಚೆಕ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಇದನ್ನು ಸರಿಮಾಡಲು ನನಗಿಂತ ಮುಂಚೆ ಒಬ್ಬ ಕನ್ಸಲ್ಟೆಂಟ್‌ಗೆ ಒಂದೂವರೆ ಲಕ್ಷ ಡಾಲರ್ ಸುರಿದಿದ್ದರು. ಅವರ ವರದಿಯಲ್ಲಿ ಇದ್ದದ್ದು ಐದು ಮಹಡಿಯ ಒಂದೇ ಕಟ್ಟಡದ ಲೆಕ್ಕ, ಅದಕ್ಕೆ ಹಳೇ ಬಡ್ಡಿ. ಹಿಯರಿಂಗ್‌ನಲ್ಲಿ ಬಿಲ್ಡರ್ ಕಡೆಯವರು ಅದೇ ಲೆಕ್ಕಕ್ಕೆ ಶೇ. 7ರ ಬಡ್ಡಿ ಹಾಕಿ ತೋರಿಸಿದರು. ವರದಿ ಅಲ್ಲೇ ಮಗುಚಿತು.

ನಾನು ಫೀ ಕಡೆಯಿಂದ ಶುರು ಮಾಡಿದೆ. ಒಂದು ಬೆಡ್‌ರೂಮಿನ ಮನೆಗೆ ಮಾರುಕಟ್ಟೆ ಬಾಡಿಗೆ 3,200 ಡಾಲರ್ ಇದೆ, ನಮ್ಮ ನಿಯಮದ ಬಾಡಿಗೆ 1,700 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,500 ಖೋತಾ, ವರ್ಷಕ್ಕೆ 18,000. ಕ್ಯಾಪ್ ರೇಟ್ (ಕಟ್ಟಡದ ಬೆಲೆಗೆ ವರ್ಷದ ಆದಾಯ ಎಷ್ಟು ಶೇಕಡಾ ಅನ್ನುವುದು) ಶೇ. 5 ಹಿಡಿದರೆ ಕಟ್ಟಡದ ಬೆಲೆ 3.6 ಲಕ್ಷ ಇಳಿಯುತ್ತದೆ. ಫೀ 1.2 ಲಕ್ಷ ಇರುವಾಗ ಯಾರು ಮನೆ ಕೊಡುತ್ತಾರೆ? ಫೀಯನ್ನು 3.6ಕ್ಕಿಂತ ಸ್ವಲ್ಪ ಮೇಲೆ ತಂದೆ, ಅದೂ ಚದರ ಅಡಿ ಲೆಕ್ಕದಲ್ಲಿ. ಫೀ ತೆಗೆದೇ ಹಾಕೋಣ ಅಂದವರೂ ಇದ್ದರು. ಬಾಡಿಗೆ ಕಟ್ಟಡಗಳಲ್ಲಿ ಮನೆ ಕೊಡುವ ಬದಲಿಗೆ ಬೇರೆ ದಾರಿಯನ್ನೂ ಇಡಲೇಬೇಕು ಅಂತ ಕ್ಯಾಲಿಫೋರ್ನಿಯಾದ 2017ರ ಕಾನೂನೇ ಹೇಳುತ್ತದೆ. ಹಾಗಾಗಿ ಬದಲಿ ದಾರಿ ಇಲ್ಲದೆ ಫೀ ತೆಗೆಯುವುದು ಆಗದ ಮಾತು. ಶೇ. 15 ದಾಟಿದರೆ ರಾಜ್ಯ ಇಲಾಖೆ ನಿಯಮವನ್ನು ಪರಿಶೀಲನೆಗೆ ತೆಗೆದುಕೊಳ್ಳುವ ಸಾಧ್ಯತೆಯೂ ಅದರಲ್ಲೇ ಇದೆ. ಅದಕ್ಕೇ 15ಕ್ಕೆ ನಿಲ್ಲಿಸಿದ್ದು.

ನಿಜವಾದ ಜಗಳ ಜಾಗದ ಬೆಲೆಯದ್ದು. 100 ಮನೆಯ ಕಟ್ಟಡದಲ್ಲಿ 15 ಮನೆ ಅಂದರೆ 54 ಲಕ್ಷ ಡಾಲರ್ ಹೊರೆ. ಇನ್ನೂ ಜಾಗ ಕೊಳ್ಳದವನು ಅದನ್ನು ಮಾರುವವನ ತಲೆಗೆ ಕಟ್ಟುತ್ತಾನೆ. ಆಗಲೇ ಕೊಂಡವನು ಮುಳುಗುತ್ತಾನೆ. ಅದಕ್ಕೆ ಮೊದಲು 10, ಆಮೇಲೆ 12, ಕೊನೆಗೆ 15 ಅಂತ ಮೆಟ್ಟಿಲು ಮಾಡಿ, ತಾರೀಖುಗಳನ್ನು ನಿಯಮದಲ್ಲೇ ಬರೆಸಿದೆ. ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಇಂಥದೇ ನಿಯಮ ಜಾರಿಯಾದ 2017ರ ಫೆಬ್ರವರಿಗೆ ಮುಂಚೆ ನುಗ್ಗಿದ ಹಾಗೆ ಇಲ್ಲೂ ಅರ್ಜಿಗಳು ನುಗ್ಗುತ್ತವೆ ಅಂತ ಹೆದರಿಸಿದರು. ನುಗ್ಗಿದವು. ನುಗ್ಗಲಿ, ಅವೂ ಮನೆಗಳೇ ಅಲ್ವಾ? ಅಷ್ಟರಲ್ಲಿ ಎಕರೆಗೆ 90 ಲಕ್ಷ ಡಾಲರ್ ಹೇಳುತ್ತಿದ್ದವರು 75ರ ಆಸುಪಾಸಿಗೆ ಇಳಿದರು. ಬ್ರೋಕರ್‌ಗಳ ಬಾಯಿಂದ ಖರೆ ಬೆಲೆ ಹೇಗೆ ಬಿಡಿಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮುಂದಿನ ಸಲಕ್ಕೂ ಅದು ಬೇಕು.

ಪೋರ್ಟ್‌ಲ್ಯಾಂಡ್‌ನಿಂದ ಇನ್ನೊಂದು ಪಾಠ ಸಿಕ್ಕಿತು. ಅಲ್ಲಿ 20 ಮನೆಯಿಂದ ನಿಯಮ ಶುರು, ಹಾಗಾಗಿ 19 ಮನೆಯ ಕಟ್ಟಡಗಳು ಎದ್ದವು. ನಾವು 5 ಮನೆಯಿಂದಲೇ ಸಣ್ಣ ಫೀ ಹಾಕಿ ನಿಧಾನ ಏರಿಸಿದೆವು. ಗೆರೆಯ ಕೆಳಗೆ ನಿಲ್ಲುವ ಆಟ ನಿಂತಿತು.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಬಿಲ್ಡರ್‌ಗಳು ಕೊಡುವ ಮನೆಗಳೆಲ್ಲ ಸ್ಟುಡಿಯೋಗಳೇ ಆಗುತ್ತಿದ್ದವು. ಮನೆ ಎಣಿಸುವ ಬದಲು ಬೆಡ್‌ರೂಮ್ ಎಣಿಸಿದರೆ ಹೇಗೆ? ಒಂದು ಪ್ರಾಜೆಕ್ಟಿನವರು ಒಪ್ಪಿ, ಮೂರು ಬೆಡ್‌ರೂಮಿನ ಕೆಲವು ಮನೆ ಕೊಟ್ಟರು. ಮಕ್ಕಳಿರುವ ಕುಟುಂಬಗಳ ಅರ್ಜಿ ಅವಕ್ಕೇ ಜಾಸ್ತಿ ಬಂತು. ಆದರೆ ಇನ್ನೊಂದು ಕಡೆ ಡೆನ್ಸಿಟಿ ಬೋನಸ್ (ಕಡಿಮೆ ಬಾಡಿಗೆ ಮನೆ ಕೊಟ್ಟರೆ ಹೆಚ್ಚು ಮನೆ ಕಟ್ಟಲು ಸಿಗುವ ಅನುಮತಿ) ಲೆಕ್ಕ ಮನೆಗಳ ಸಂಖ್ಯೆ ಮೇಲೆ ನಿಂತಿದ್ದರಿಂದ ಎರಡೂ ಹೊಂದಲಿಲ್ಲ, ವಕೀಲರ ಖರ್ಚೇ ಹತ್ತಿರ ಹತ್ತಿರ 20 ಸಾವಿರ ಡಾಲರ್ ಆಯಿತು. ಈಗ ಅದನ್ನು ಕೇಳಿದವರಿಗೆ ಮಾತ್ರ ಕೊಡುತ್ತೇವೆ.

ಎತ್ತರದ ಕಾಂಕ್ರೀಟ್ ಟವರ್‌ಗಳಿಗೆ ಮಾತ್ರ ಈ ದರ ಹಾಕಿಲ್ಲ. ಇವತ್ತಿನ ಕಟ್ಟುವ ಖರ್ಚಿನಲ್ಲಿ ಸೊನ್ನೆ ಪರ್ಸೆಂಟ್ ಇಟ್ಟರೂ ಅವು ಗಿಟ್ಟುವುದಿಲ್ಲ. ಅವಕ್ಕೆ ಬೇರೆ ಲೆಕ್ಕ ಹಾಕುತ್ತಿದ್ದೇನೆ.