ವೀರ್ಯಾಣು ಚೆನ್ನಾಗೇ ಈಜುತ್ತಿತ್ತು, ಮರಿ ಮಾತ್ರ ಆಗಲಿಲ್ಲ

ಜಪಾನಿನ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಿದ್ದಾಗ ನನ್ನ ಪಾಲಿಗೆ ಎರಡು ಜೀನ್ ಬಂದವು. ಎರಡೂ ವೃಷಣದಲ್ಲಿ ಮಾತ್ರ ಕೆಲಸ ಮಾಡುವಂಥವು. ಇಲಿಯಲ್ಲೂ ಇವೆ, ಮನುಷ್ಯರಲ್ಲೂ ಇವೆ. ಅಂದಮೇಲೆ ಇವನ್ನು ತೆಗೆದರೆ ಗಂಡಿಲಿಗೆ ಮರಿ ಆಗೋದೇ ಇಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ.

ಜೀನ್ ಕತ್ತರಿಸುವುದು ಈಗ ಕಷ್ಟವಲ್ಲ, ಅದಕ್ಕೆ ಕ್ರಿಸ್ಪರ್ ಎಂಬ ತಂತ್ರ ಇದೆ. ಕಾಯುವುದೇ ಕಷ್ಟ. ಜೀನಿನ ಒಂದು ಪ್ರತಿ ಮಾತ್ರ ಕೆಟ್ಟಿರುವ ಗಂಡು ಹೆಣ್ಣನ್ನು ಕೂಡಿಸಿದರೆ, ನಾಲ್ಕು ಮರಿಗೆ ಒಂದರಲ್ಲಿ ಎರಡೂ ಪ್ರತಿ ಕೆಟ್ಟಿರುತ್ತವೆ. ಅದರಲ್ಲೂ ಗಂಡೇ ಬೇಕು, ಅಂದರೆ ಎಂಟಕ್ಕೆ ಒಂದು. ಬಾಲದ ತುದಿಯ ಚೂರು ತೆಗೆದು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ, ಬೇಕಾದವನು ಸಿಕ್ಕಿದ ಮೇಲೂ ಅವನು ಬೆಳೆಯುವ ತನಕ ಕಾಯಬೇಕು.

ಮೊದಲ ಜೀನ್ ಕೆಟ್ಟಿದ್ದ ಗಂಡಿಲಿಯನ್ನು ಹೆಣ್ಣುಗಳ ಜೊತೆ ಬಿಟ್ಟೆ. ಮೂರೇ ವಾರಕ್ಕೆ ಗೂಡಿನ ತುಂಬ ಮರಿ! ಆ ದಿನ ನಿಜಕ್ಕೂ ಬೇಜಾರಾಯಿತು. ಆಮೇಲೆ ಸೀನಿಯರ್ ಒಬ್ಬರು 2016ರ ಪೇಪರ್ ಒಂದನ್ನು ಓದಲು ಕೊಟ್ಟರು. ಒಸಾಕಾದ ಮಸಾಹಿತೊ ಇಕಾವಾ ತಂಡದ್ದು. ವೃಷಣದಲ್ಲೇ ಹೆಚ್ಚಾಗಿ ಕೆಲಸ ಮಾಡುವ 54 ಜೀನುಗಳನ್ನು ಒಂದೊಂದಾಗಿ ತೆಗೆದು ನೋಡಿದರೂ ಗಂಡಿಲಿಗಳಿಗೆ ಮರಿ ಆಗುತ್ತಲೇ ಇತ್ತು. ಒಂದು ಜೀನ್ ಎಲ್ಲಿ ಕೆಲಸ ಮಾಡುತ್ತದೆ ಅನ್ನೋದು ಬೇರೆ, ಅದಿಲ್ಲದೆ ನಡೆಯುತ್ತದಾ ಅನ್ನೋದು ಬೇರೆ. ಎರಡನೆಯದು ಇಲಿಯನ್ನು ಕೇಳದೆ ಗೊತ್ತಾಗುವುದಿಲ್ಲ.

ಎರಡನೇ ಜೀನಿನಲ್ಲಿ ಎಂಟು ವಾರವಾದರೂ ಒಂದು ಮರಿ ಇಲ್ಲ. ಇಲ್ಲಿ ನಾನು ಒಂದು ತಪ್ಪು ಮಾಡಿದ್ದೆ, ಹೊಸಬರು ಮಾಡಬೇಡಿ. ಇಲಿ ಕೂಡಿದ ಮೇಲೆ ಹೆಣ್ಣಿನ ಯೋನಿಯ ಬಾಯಲ್ಲಿ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾದ ಪ್ಲಗ್ ಇರುತ್ತದೆ, ತಡವಾದರೆ ಬಿದ್ದುಹೋಗುತ್ತದೆ. ದಿನಾ ಬೆಳಗ್ಗೆ ಬೇಗ ಹೋಗಿ ನೋಡಲೇಬೇಕಿತ್ತು, ನೋಡಿರಲಿಲ್ಲ. ಹಾಗಾಗಿ ಗಂಡು ಕೂಡುತ್ತಲೇ ಇಲ್ಲವೋ, ಕೂಡಿದರೂ ಮರಿ ಆಗುತ್ತಿಲ್ಲವೋ ಹೇಳಲಾಗಲಿಲ್ಲ. ಮತ್ತೆ ಶುರು ಮಾಡಿದೆ. ಈ ಸಲ ಪ್ಲಗ್ ಸಿಕ್ಕಿತು.

ವೀರ್ಯಾಣು ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಪಕ್ಕದಲ್ಲಿ ಹೋಲಿಕೆಗೆ, ಒಂದು ಪ್ರತಿ ಸರಿಯಿದ್ದ ಅವನ ತಮ್ಮನದು. ಕುಡುಗೋಲಿನ ಹಾಗೆ ಬಾಗಿದ ತಲೆ, ಉದ್ದ ಬಾಲ, ಜೋರಾಗಿ ಈಜು. ಲೆಕ್ಕ, ಆಕಾರ, ಓಟ ಎಲ್ಲ ಒಂದೇ. ಆಗ ನನ್ನ ಸೋದರಮಾವನ ಮಗ ನೆನಪಾದ. ಮದುವೆಯಾಗಿ ಆರು ವರ್ಷ. ಅವನ ರಿಪೋರ್ಟ್ ನಾರ್ಮಲ್ ಬಂತು ಅಂತ ಮನೆಯವರೆಲ್ಲ ಅವನ ಹೆಂಡತಿಯ ಕಡೆ ಬೆರಳು ಮಾಡಿದ್ದರು. ನನ್ನ ಇಲಿಯ ರಿಪೋರ್ಟೂ ನಾರ್ಮಲ್ಲೇ ಅಲ್ವಾ?

ಹಾಗಾದರೆ ತಡೆ ಎಲ್ಲಿ? ವೀರ್ಯಾಣುವಿನ ತಲೆಯ ತುದಿ ಹಸಿರಾಗಿ, ನಡುಭಾಗ ಕೆಂಪಾಗಿ ಹೊಳೆಯುವ ಇಲಿ ತಳಿಯೊಂದಿದೆ. ಅದರ ಜೊತೆ ನನ್ನ ತಳಿ ಕೂಡಿಸಲು ತಿಂಗಳುಗಳೇ ಹಿಡಿದವು. ಕೂಡಿದ ಕೆಲವು ಗಂಟೆಗೆ ಹೆಣ್ಣಿನ ಗರ್ಭಕೋಶ ಮತ್ತು ಅಂಡನಾಳ ತೆಗೆದು ನೋಡಿದರೆ, ಗರ್ಭಕೋಶದ ತುಂಬ ಕೆಂಪು ಚುಕ್ಕಿಗಳು ಓಡಾಡುತ್ತಿವೆ. ಅಂಡನಾಳ ಶುರುವಾಗುವ ಆ ಕಿರಿದಾದ ಬಾಯಿಯ ಆಚೆ ಮಾತ್ರ ಪೂರ್ತಿ ಕತ್ತಲೆ. ಒಂದೂ ದಾಟಿಲ್ಲ. ಆ ಬಾಯಿ ದಾಟಲು ವೀರ್ಯಾಣುವಿನ ಮೇಲೆ ಇರಬೇಕಾದ ಆಡಮ್3 ಎಂಬ ಪ್ರೋಟೀನೇ ಇರಲಿಲ್ಲ. ಅದನ್ನು ಸಿದ್ಧಪಡಿಸಲು ಹಲವು ಜೀನುಗಳು ಬೇಕು, ನನ್ನದೂ ಅವುಗಳಲ್ಲಿ ಒಂದು.

ಆಮೇಲೆ ಅದೇ ವೀರ್ಯಾಣುಗಳನ್ನು ಡಿಶ್‌ನಲ್ಲಿ ಅಂಡಾಣುಗಳ ಜೊತೆ ಬಿಟ್ಟೆ, ಅಂಡಾಣುವಿನ ಸುತ್ತಲಿನ ಜೀವಕೋಶಗಳನ್ನು ತೆಗೆಯದೆ. ಮರುದಿನ ನೋಡಿದರೆ ಹೆಚ್ಚಿನವು ಫಲಿಸಿ ಎರಡು ಕೋಶವಾಗಿದ್ದವು! ತಾಯಿ ಇಲಿಗೆ ಸೇರಿಸಿದೆ, ಗುಲಾಬಿ ಬಣ್ಣದ ಮರಿಗಳು ಹುಟ್ಟಿದವು. ಸುಮ್ನೆ ನೋಡುತ್ತಾ ನಿಂತುಬಿಟ್ಟೆ.

ಒಂದು ಮಾತು ಹೇಳಲೇಬೇಕು. ಮನುಷ್ಯರಲ್ಲಿ ಆಡಮ್3 ಜೀನ್ ಕೆಲಸ ಮಾಡುವುದಿಲ್ಲ, ಅದರ ಕೆಟ್ಟುಹೋದ ಪ್ರತಿ ಮಾತ್ರ ಉಳಿದಿದೆ. ಹಾಗಾಗಿ ಈ ಫಲಿತಾಂಶವನ್ನು ನೇರವಾಗಿ ನಮಗೆ ಹಚ್ಚಲಾಗದು. ಆ ವಾರ ಅತ್ತೆಗೆ ಫೋನ್ ಮಾಡಿ ಇದನ್ನೂ ಸೇರಿಸಿಯೇ ಹೇಳಿದೆ. ರಿಪೋರ್ಟ್ ನಾರ್ಮಲ್ ಇದ್ದ ಮಾತ್ರಕ್ಕೆ ತೊಂದರೆ ಅವಳದ್ದೇ ಅಂತ ಆಗುವುದಿಲ್ಲ, ಇಬ್ಬರೂ ಮತ್ತೆ ಡಾಕ್ಟರ ಹತ್ತಿರ ಹೋಗಲಿ ಅಂದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವಳಿಗೆ ಫೋನ್ ಕೊಡ್ತೀನಿ, ನೀನೇ ಹೇಳು" ಅಂದರು.